ಅಜ್ಜನ ಅಂಬಾಸಿಡರ್ ಗುಜರಿಗೆ ಹಾಕೋ ಮೊದಲು ಇದನ್ನ ಕೇಳ್ರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಾ ಕಡೆಯಿಂದ ನಿಮ್ಮ ವಾಯ್ಸ್ ಮೆಸೇಜ್ ಬಂದಾವು. ಹೆಚ್ಚಿನವರ ಪ್ರಶ್ನೆ ಒಂದೇ: "ಅಜ್ಜನ ಅಂಬಾಸಿಡರ್ ದನದ ಕೊಟ್ಟಿಗ್ಯಾಗ ನಿಂತೈತಿ, ಗುಜರಿಯವ್ರು ತೂಕದ ಲೆಕ್ಕದಾಗ ಕೇಳಾಕತ್ತಾರ, ಕೊಡ್ಲೋ ಬ್ಯಾಡೋ?" ನನ್ನ ಹತ್ರಾನೂ 1984ರ ಪೆಟ್ರೋಲ್ ಅಂಬಾಸಿಡರ್ ಐತಿ, ಸ್ಟೇರಿಂಗ್ ಗೇರಿಂದು. ಇನ್ನೂ ಓಡ್ತೈತಿ.

ಮೊದಲು ಕಾಗದ ನೋಡ್ರಿ. ಖಾಸಗಿ ಕಾರಿನ ಆರ್‌ಸಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಿಟ್‌ನೆಸ್ ತೋರಿಸಿ ನವೀಕರಣ ಮಾಡಿಸಬೇಕು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಆ ಶುಲ್ಕ 10,000 ರೂಪಾಯಿ. ನನ್ನದು 2029ಕ್ಕೆ ಬರ್ತೈತಿ, ಈಗಿಂದಲೇ ರೊಕ್ಕ ತೆಗೆದಿಡಾಕತ್ತೀನಿ.

"ವಿಂಟೇಜ್ ಮಾಡಿಸಿಬಿಟ್ರ?" ಅಂತ ಒಬ್ಬರು ಕೇಳ್ಯಾರ. 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ಹೊಸದಾಗಿ ನೋಂದಣಿಗೆ 20,000, ಹತ್ತು ವರ್ಷದ ಅವಧಿ, ನಂಬರಿನಾಗ 'ವಿಎ' ಅಂತ ಬರ್ತೈತಿ. ಆದ್ರ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕಷ್ಟೇ ರಸ್ತೆಗೆ ಇಳಿಸಬೇಕು. ಅವ್ವನ್ನ ಕೂರಿಸಿಕೊಂಡು ಬಾಗೇವಾಡಿ ಜಾತ್ರೆಗೆ ಹೋಗಾಕ ಬರದ ಕಾರು ನನಗಂತೂ ಬ್ಯಾಡ.

ಈಗ ಪೆಟ್ರೋಲು. ಬಂಕಿನಾಗ ಸಿಗೋದು ಇ20, ಅಂದ್ರ ಶೇ 20 ಎಥೆನಾಲ್. ನಮ್ಮ ಜಿಲ್ಲೆ ಕಬ್ಬಿನ ಜಿಲ್ಲೆ. ಎಥೆನಾಲ್ ಬಂತು, ಕಬ್ಬಿಗೆ ಇನ್ನೊಂದು ದಾರಿ ಆಯ್ತು ಅಂತ ರೈತರಿಗೆ ಖುಷಿ, ನಮ್ಮ ಮನ್ಯಾಗೂ ಕಬ್ಬು ಐತಿ. ಆದ್ರ ಅದೇ ಎಥೆನಾಲ್ ಹಳೇ ಕಾರಿನ ರಬ್ಬರ್ ತಿಂತೈತಿ: ಪೆಟ್ರೋಲ್ ಪೈಪು, ಫ್ಯೂಯೆಲ್ ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ವಾಷರ್. ಗಾಳಿಯೊಳಗಿನ ನೀರನ್ನೂ ಎಳೀತೈತಿ. ಎರಡು ತಿಂಗಳು ನಿಲ್ಲಿಸಿದ್ರ ನೀರು ಟ್ಯಾಂಕಿನ ತಳಕ್ಕ ಕುಂತು ತುಕ್ಕು ಹಿಡೀತೈತಿ. ಅದಕ್ಕ ಪೈಪು ವೈಟಾನ್ ರಬ್ಬರಿಂದು ಹಾಕಿಸ್ರಿ. ಪೆಟ್ರೋಲ್ ಸ್ವಲ್ಪ ಹಾಕಿಸಿ ಬೇಗ ಖರ್ಚು ಮಾಡ್ರಿ. ಹಳೇ ಪೈಪು ಬೆರಳಿಗೆ ಜಿಗಿಜಿಗಿ ಹತ್ತಿದ್ರ ಅವತ್ತೇ ತೆಗೀರಿ, ಯಾಕಂದ್ರ ಬಿಸಿ ಎಂಜಿನ್ ಮ್ಯಾಲ ಪೆಟ್ರೋಲ್ ಸೋರಿದ್ರ ಬೆಂಕಿ.

ಟ್ಯಾಂಕ್ ತುಕ್ಕು ಹಿಡಿದಿದ್ರ? ಬಿಚ್ಚಿ, ಪೆಟ್ರೋಲ್ ಪೂರ್ತಿ ತೊಳೆದು, ಬಿಸಿನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಕಲಸಿ ಒಂದು ದಿನ ತುಂಬಿಸಿಡ್ರಿ. ಇಂಡಿ ಲಿಂಬಿಯೊಳಗಿನ ಹುಳಿನೂ ಅದೇ ರೀ! (2023ರಾಗ ಜಿಐ ಟ್ಯಾಗ್ ಸಿಕ್ಕ ಲಿಂಬಿ, ಅದನ್ನ ಟ್ಯಾಂಕಿಗೆ ಹಿಂಡಾಕ ಹೋಗಬ್ಯಾಡ್ರಿ, ಪುಡಿನೇ ಸೋವಿ.) ಆಮೇಲೆ ಸೋಡಾ ನೀರಿಲೆ ತೊಳೆದು, ಪೂರಾ ಒಣಗಿಸಿ, ತಡಮಾಡದೆ ಒಳಗ ಎಣ್ಣಿ ಸವರ್ರಿ. ಒದ್ದಿ ಬಿಟ್ರ ಮರುದಿನವೇ ಮತ್ತ ತುಕ್ಕು.

ಇನ್ನು ನಮ್ಮ ಬಿಸಲು. ಏಪ್ರಿಲ್-ಮೇದಾಗ ಸಿಂದಗಿ ರೋಡಿನಾಗ ಕಾರು ನಿಂತ್ರ ಎಂಜಿನ್ ಕೆಟ್ಟೈತಿ ಅಂತ ಗಾಬರಿ ಆಗಬ್ಯಾಡ್ರಿ. ಪೆಟ್ರೋಲ್ ಪಂಪಿನಾಗೇ ಆವಿ ಆಗಿರ್ತೈತಿ. ಹಳೇ ಡ್ರೈವರ್‌ಗಳು ಪಂಪಿಗೆ ಒದ್ದಿ ಅರಿವಿ ಸುತ್ತಿ, ಬೇವಿನ ಗಿಡದ ಕೆಳಗ ಚಹಾ ಕುಡಿದು ಹೊರಡ್ತಿದ್ರು. ಈಗಲೂ ಅದೇ ಔಷಧ. ಎರೆಮಣ್ಣಿನ ಕೆಸರನ್ನ ಮಾತ್ರ ಅವತ್ತೇ ತೊಳೀರಿ. ಬಾಡಿ ಅಂಚಿನಾಗ, ಬಾಗಲದ ತಳದಾಗ ಕುಂತ್ರ ಒದ್ದಿ ಹಿಡಿದಿಟ್ಟು ತಗಡು ಕೊರೀತೈತಿ.

ಸಾಮಾನಿನ ಚಿಂತಿ ಕಡಿಮಿ. 2014ರಾಗ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ಮಾಡೋದು ನಿಲ್ಲಿಸಿದ್ರೂ ಬಿಡಿಭಾಗ ಸಿಗ್ತಾವು. ಸಿಗಲಾರದ್ದು ಕೈ. ನನ್ನ ಕಾರು ನೋಡೋ ಮಿಸ್ತ್ರಿಗೆ ಎಪ್ಪತ್ತು ದಾಟೈತಿ. ಪಾಯಿಂಟ್ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕಲ್ಲ, ಅವರು ಲಗ್ನಪತ್ರಿಕೆ ಕಾಗದ ತೂರಿಸಿ ನೋಡ್ತಾರ. ಕಾರ್ಬುರೇಟರ್ ಕಿವಿಯಿಂದಲೇ ಕೂರಿಸ್ತಾರ. ಈ ದೀಪಾವಳಿಗೆ ಅಂಗಡಿ ಮುಚ್ಚತೀನಿ ಅಂದಾರ, ಮಗ ಪುಣೆದಾಗ ಅದಾನ. ನಾನು ಎರಡು ತಿಂಗಳಿಂದ ಪ್ರತಿ ರವಿವಾರ ಹೋಗಿ ಕಲಿಯಾಕತ್ತೀನಿ. ಗ್ಯಾಪ್ ಬಂತು, ಟೈಮಿಂಗ್ ಬಂತು, ಕಿವಿ ಇನ್ನೂ ಬಂದಿಲ್ಲ.

ನಿಮ್ಮೂರಾಗೂ ಇಂಥ ಮಿಸ್ತ್ರಿ ಇದ್ರ, ಕಾರು ಮಾರೋ ಮೊದಲು ಒಮ್ಮೆ ಬಾನೆಟ್ ತೆಗೆದು ಅವರಿಗೆ ತೋರಿಸ್ರಿ. ಆರ್‌ಸಿ ತಾರೀಖು ಇವತ್ತೇ ನೋಡ್ಕೊಳ್ರಿ. ಮುಂದಿನ ವಾರ ಡೀಸೆಲ್ ಜೀಪು.