ಬೀದಿಯೂ ನಮ್ಮ ಅಂಗಳವೇ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ಮಾತಿಗೆ ನಿಂತವರು ನುಡಿಯ ಹಿರಿಮೆಯನ್ನೋ ಗಡಿನಾಡಿನ ಕಷ್ಟಗಳನ್ನೋ ಕುರಿತು ಹೇಳುವುದು ವಾಡಿಕೆ. ನಾವಾದರೋ ಇಂದು ಕಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಮಂಗಳದ ದಿನ ಇದೆಂಥ ವಿಷಯವೆಂದು ಯಾರೂ ಮುಖ ತಿರುಗಿಸಬಾರದು. ಹಬ್ಬದ ದಿನ ನಮ್ಮ ತಾಯಂದಿರು ಎದ್ದೊಡನೆ ಮಾಡುವ ಮೊದಲ ಕೆಲಸವೇ ಕಸ ಗುಡಿಸುವುದಲ್ಲವೆ? ಆಮೇಲೆ ಸಾರಣೆ, ಆಮೇಲೆ ರಂಗೋಲಿ, ಆಮೇಲೆ ದೇವರು. ಸಂಘದ ಹಬ್ಬಕ್ಕೂ ಅದೇ ಕ್ರಮವಿರಲಿ.

ನಮ್ಮ ಕೋಸಗಿಯ ಯಾವ ಮನೆಯ ಒಳಹೊಕ್ಕು ನೋಡಿದರೂ ಬಡವರ ಮನೆಯೇ ಆಗಲಿ, ಉಳ್ಳವರ ಮನೆಯೇ ಆಗಲಿ, ಕೊಡಗಳು ಥಳಥಳ ಹೊಳೆಯುತ್ತಿರುತ್ತವೆ, ನೆಲ ಒಪ್ಪವಾಗಿರುತ್ತದೆ. ಆದರೆ ಹೊಸ್ತಿಲ ಒಳಗೆ ಇಷ್ಟು ಶುಚಿಯಾಗಿರುವ ನಾವೇ ಗುಡಿಸಿದ ಕಸವನ್ನು ಹೊಸ್ತಿಲ ಹೊರಗೆ ತಳ್ಳಿ ಕೈತೊಳೆದುಕೊಳ್ಳುತ್ತೇವೆ. ಬೀದಿಯ ಕಸ ಮೋರಿಗೆ ಬೀಳುತ್ತದೆ. ಮೋರಿ ಕಟ್ಟಿಕೊಂಡು ನೀರು ಬೀದಿಗೆ ಬರುತ್ತದೆ. ಆ ನೀರನ್ನು ತುಳಿದ ಕಾಲು ಮತ್ತೆ ನಮ್ಮ ಹೊಸ್ತಿಲಿಗೇ ಬರುತ್ತದೆ. ನಾವು ಹೊರಗೆ ಹಾಕಿದ್ದು ಹೊರಗೆ ಉಳಿಯುವುದಿಲ್ಲ.

ಹಿಂದೆ ಹೀಗಿತ್ತೆ ಎಂದು ಕೇಳಬಹುದು. ಹಿಂದಿನವರು ನಮಗಿಂತ ಶುಚಿಯಾಗಿದ್ದರೆಂದು ಹೇಳುವುದು ಸುಲಭ. ಅದು ಪೂರ್ತಿ ನಿಜವಲ್ಲ. ನಿಜವಾದದ್ದು ಇಷ್ಟು: ಹಿಂದೆ ಕಸಕ್ಕೆ ಒಡೆಯನಿದ್ದ. ಪ್ರತಿಯೊಬ್ಬ ಒಕ್ಕಲಿಗನಿಗೂ ತನ್ನದೇ ತಿಪ್ಪೆಯಿತ್ತು. ಸಗಣಿ, ಬೂದಿ, ದಂಟು, ಮುಸುರೆಯ ಕಸ ಎಲ್ಲವೂ ಅಲ್ಲಿ ಬಿದ್ದು ಕೊಳೆತು ಮುಂಗಾರಿಗೆ ಮೊದಲು ಬಂಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಒಬ್ಬನ ತಿಪ್ಪೆಯನ್ನು ಇನ್ನೊಬ್ಬ ಮುಟ್ಟಿದರೆ ಜಗಳವಾಗುತ್ತಿತ್ತು, ಏಕೆಂದರೆ ಅದು ಆಸ್ತಿ. ಇಂದಿನ ಕಸಕ್ಕೆ ಒಡೆಯನಿಲ್ಲ. ಪ್ಲಾಸ್ಟಿಕ್ ಚೀಲ, ಗುಟ್ಕಾ ಚೀಟಿ, ಚಹದ ಲೋಟ ಇವು ಕೊಳೆಯುವುದೂ ಇಲ್ಲ, ಯಾರಿಗೂ ಬೇಕಾಗುವುದೂ ಇಲ್ಲ. ಇವು ತಿಪ್ಪೆಯಲ್ಲಿ ಬೆರೆತರೆ ಗೊಬ್ಬರದ ಜೊತೆಗೇ ಎರೆಹೊಲಕ್ಕೆ ಹೋಗಿ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತವೆ. ಅನ್ನದ ವಾಸನೆಗೆ ಚೀಲವನ್ನೇ ನುಂಗಿದ ಆಕಳ ಹೊಟ್ಟೆಯಲ್ಲಿ ಅದು ಗಂಟಾಗಿ ನಿಲ್ಲುತ್ತದೆ. ಮೇವು ಇಳಿಯದೆ ಮೂಕಪ್ರಾಣಿ ಸೊರಗುತ್ತದೆ. ಆಕಳಿಗೆ ಪೂಜೆ ಮಾಡುವ ಕೈಯೇ ಆ ಚೀಲವನ್ನೂ ಎಸೆದಿರುತ್ತದೆಂಬುದು ನಮಗೆ ನಾಚಿಕೆಯ ಸಂಗತಿ.

ಇದು ಕೇವಲ ಅಂದಚಂದದ ಮಾತಲ್ಲ. ನಮ್ಮದು ನೀರಿನ ಬರವಿರುವ ಸೀಮೆ. ನೀರು ಬಂದ ದಿನ ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಟ್ಟುಕೊಳ್ಳುವುದು ಅನಿವಾರ್ಯ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆ ಮೋರಿಯ ಕೊಳೆನೀರಿಗಿಂತ ಹೆಚ್ಚಾಗಿ ಇಂಥ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಬೀದಿಗೆ ಎಸೆದ ತೆಂಗಿನ ಚಿಪ್ಪು, ಹಳೆಯ ಟೈರು, ಒಡೆದ ಮಡಕೆ ಇವುಗಳಲ್ಲಿ ಮಳೆಯ ನೀರು ಬೊಗಸೆಯಷ್ಟು ನಿಂತರೂ ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ತಿಕ್ಕಿ ತೊಳೆದು, ಮುಚ್ಚಳವಿಟ್ಟರೆ, ಬೀದಿಯ ಚಿಪ್ಪುಗಳನ್ನು ಆರಿಸಿದರೆ ಅದರ ವಂಶ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಹಣ ಬೇಡ, ವೈದ್ಯರು ಬೇಡ. ವಾರದ ನೆನಪು ಬೇಕು.

ಈ ಕೆಲಸ ಯಾರದು? ಪಂಚಾಯತಿಯದು ಎಂದು ಕೂಡಲೇ ಉತ್ತರ ಬರುತ್ತದೆ. ಪಂಚಾಯತಿಗೆ ಹೊಣೆಯಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಉತ್ತರದ ಹಿಂದೆ ಇನ್ನೊಂದು ಮಾತು ಅಡಗಿದೆ. ಗುಡಿಸುವುದು ಬೇರೆ ಜಾತಿಯವರ ಕೆಲಸ, ನಮ್ಮದಲ್ಲ ಎಂಬುದೇ ಆ ಮಾತು. ಗಾಂಧೀಜಿಯವರು 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ಸಿಗೆ ಹೋದಾಗ ಅಲ್ಲಿನ ಪಾಯಿಖಾನೆಗಳು ಹೊಲಸಾಗಿದ್ದುದನ್ನು ಸ್ವಯಂಸೇವಕರಿಗೆ ತೋರಿಸಿದರು. ಅದು ತಮ್ಮ ಕೆಲಸವಲ್ಲವೆಂದು ಅವರು ಹೇಳಿದರು. ಗಾಂಧೀಜಿ ಪೊರಕೆ ಕೇಳಿ ತಂದು ತಾವೇ ತೊಳೆದರು. ಮುಂದೆ 1924ರಲ್ಲಿ ಅವರೇ ಅಧ್ಯಕ್ಷರಾದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರ ಹಿಂದೂಸ್ಥಾನಿ ಸೇವಾದಳದ ತರುಣರು ದುಡಿದರು. ಶುಚಿಯ ಕೆಲಸಕ್ಕೂ ಸ್ವಯಂಸೇವಕರೇ ಕೈಹಚ್ಚಿದರು. ಅದಕ್ಕೂ ಬಹು ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಹಿಡಿದ ಸತ್ಯಕ್ಕನನ್ನು ನಮ್ಮ ನಾಡು ಶರಣೆಯೆಂದು ಕೈಮುಗಿಯಿತು. ಪೊರಕೆ ಹಿಡಿದ ಕೈ ಕೀಳೆಂಬುದು ನಮ್ಮ ಪರಂಪರೆಯ ಉತ್ತಮ ಭಾಗವಲ್ಲ. ಅದು ನಾವು ಕಳೆಯಬೇಕಾದ ಕೊಳೆ. ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ತೊಲಗಿಸಲು ಮುಂದಾದರು. 1993ರಲ್ಲಿಯೂ 2013ರಲ್ಲಿಯೂ ದೇಶದ ಕಾನೂನೇ ಅದನ್ನು ನಿಷೇಧಿಸಿತು. ಕಾನೂನು ಬುಟ್ಟಿಯನ್ನು ಇಳಿಸಬಲ್ಲದು. ಮನಸ್ಸಿನ ತಿರಸ್ಕಾರವನ್ನು ನಾವೇ ಇಳಿಸಬೇಕು.

ಇಲ್ಲಿ ಸ್ವಯಂಸೇವಕರಿಗೆ ಒಂದು ಎಚ್ಚರಿಕೆಯ ಮಾತು. ನಾವು ವಾರಕ್ಕೊಮ್ಮೆ ಒಂದು ಗಂಟೆ ಗುಡಿಸಿ, ಮನೆಗೆ ಹೋಗಿ ಸ್ನಾನಮಾಡಿ, ಹೊಗಳಿಸಿಕೊಳ್ಳುತ್ತೇವೆ. ದಿನವೂ ಗುಡಿಸುವ ಕಾರ್ಮಿಕರನ್ನು ಹೊಗಳುವವರಿಲ್ಲ. ನಮ್ಮ ಸೇವೆ ಅವರ ಕೂಲಿಗೆ ಕುತ್ತಾಗಬಾರದು. ಅವರಿಗೆ ಕೈಗವಸು, ಕಾಲಿಗೆ ಬೂಟು, ಕಾಲಕ್ಕೆ ಸರಿಯಾಗಿ ಸಂಬಳ ದೊರೆಯಬೇಕೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವುದು ಕೂಡ ಪೊರಕೆ ಹಿಡಿದಷ್ಟೇ ದೊಡ್ಡ ಸೇವೆ.

ಇತ್ತೀಚಿನ ಎರಡು ಉದಾಹರಣೆಗಳನ್ನು ಹೇಳುತ್ತೇವೆ. ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿದ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪಿನವರು ತಮ್ಮ ಹೆಸರನ್ನೇ ಹೇಳಿಕೊಳ್ಳಲಿಲ್ಲ. ಭಾಷಣವಿಲ್ಲ, ಯಾರನ್ನೂ ಬೈಯುವುದಿಲ್ಲ. ಜನ ಕಸ ಸುರಿಯುವ ಒಂದು ಮೂಲೆಯನ್ನು ಆರಿಸಿಕೊಂಡು, ಗುಡಿಸಿ, ಗೋಡೆಗೆ ಬಣ್ಣ ಬಳಿದು, ಹೂವಿನ ಕುಂಡಗಳನ್ನಿಟ್ಟು ಹೋದರು. ಅವರು ಕಂಡುಕೊಂಡ ಸತ್ಯ ಸರಳವಾದದ್ದು: ಹೊಲಸಾದ ಜಾಗ ಹೊಲಸನ್ನು ಕರೆಯುತ್ತದೆ, ಒಪ್ಪವಾದ ಜಾಗದಲ್ಲಿ ಎಸೆಯಲು ಕೈ ಹಿಂಜರಿಯುತ್ತದೆ.

ಎರಡನೆಯದು ಮಂಗಳೂರಿನದು. ಅಲ್ಲಿನ ರಾಮಕೃಷ್ಣ ಮಿಷನ್ನಿನವರು 2015ರಿಂದ 2019ರವರೆಗೆ ‘ಸ್ವಚ್ಛ ಮಂಗಳೂರು’ ಎಂಬ ಅಭಿಯಾನ ನಡೆಸಿದರು. ಭಾನುವಾರದ ಬೆಳಗ್ಗೆ ಸಂನ್ಯಾಸಿಗಳು, ವಿದ್ಯಾರ್ಥಿಗಳು, ವ್ಯಾಪಾರಿಗಳು ಒಟ್ಟಿಗೆ ಬೀದಿಗಿಳಿದರು. ಕಸದ ರಾಶಿಗಳಿದ್ದ ಮೂಲೆಗಳನ್ನು ಹಸುರು ಮಾಡಿದರು. ಮನೆಮನೆಗೆ ಹೋಗಿ ತಿಳಿಹೇಳಿದರು. ಒಂದು ದಿನದ ಮೆರವಣಿಗೆಯಾಗದೆ ವಾರವಾರವೂ ನಡೆದುದೇ ಅದರ ಬಲ. ಆದರೆ ಅದೇ ಮಂಗಳೂರಿನಲ್ಲಿ 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರವೆಂಬಲ್ಲಿ ಮನೆ, ಅಡಕೆ ತೋಟಗಳ ಮೇಲೆ ಹರಿಯಿತು. ಸ್ವಯಂಸೇವಕರ ದೋಷ ಇದರಲ್ಲಿಲ್ಲ. ನಾವು ಕಲಿಯಬೇಕಾದ ಪಾಠ ಇದು: ಗುಡಿಸಿದ ಮಾತ್ರಕ್ಕೆ ಕಸ ಇಲ್ಲವಾಗುವುದಿಲ್ಲ, ಅದು ನಮ್ಮ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ. ಊರ ಹೊರಗೆ ಸುರಿಯೋಣವೆನ್ನುವಾಗ ಊರ ಹೊರಗೆ ಯಾರ ಗುಡಿಸಲುಗಳಿವೆ ಎಂದು ನೋಡಬೇಡವೆ?

ಆದ್ದರಿಂದ ಕಸವನ್ನು ಹುಟ್ಟಿದ ಮನೆಯಲ್ಲಿಯೇ ಬೇರ್ಪಡಿಸಬೇಕು. 2016ರಲ್ಲಿ ಹೊರಟ ಕೇಂದ್ರ ಸರ್ಕಾರದ ನಿಯಮಗಳೂ ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮೂರಾಗಿ ವಿಂಗಡಿಸಬೇಕೆಂದವು. ಹಸಿ ಕಸಕ್ಕೆ ದಾರಿ ನಮ್ಮವರೇ ತೋರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ರೂಪಿಸಿದ ಗೊಬ್ಬರದ ವಿಧಾನ ಜಗತ್ತಿನಲ್ಲೆಲ್ಲ ‘ಬೆಂಗಳೂರು ವಿಧಾನ’ವೆಂದೇ ಹೆಸರಾಗಿದೆ. ಸುಮಾರು ಮೂರಡಿ ಆಳದ ಗುಂಡಿಯಲ್ಲಿ ಒಂದು ಪದರ ಕಸ, ಅದರ ಮೇಲೆ ತೆಳುವಾಗಿ ಸಗಣಿ, ಮತ್ತೆ ಕಸ, ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚಿಬಿಡುವುದು. ಇದನ್ನು ಮೇಲಿಂದ ಮೇಲೆ ತಿರುವಬೇಕಾಗಿಲ್ಲ, ನೀರು ಚಿಮುಕಿಸುತ್ತಲೂ ಇರಬೇಕಾಗಿಲ್ಲ. ಆರು ತಿಂಗಳಷ್ಟರಲ್ಲಿ ಗೊಬ್ಬರ ಸಿದ್ಧ. ನೀರು ಕಡಿಮೆಯಿರುವ ನಮ್ಮಂಥ ಸೀಮೆಗೆ ಇದಕ್ಕಿಂತ ಒಪ್ಪುವ ವಿಧಾನ ಯಾವುದು? ಪ್ರತಿ ಶಾಲೆಯ ಹಿಂದೆ ಇಂಥ ಎರಡು ಗುಂಡಿಗಳಿದ್ದರೆ ಮಕ್ಕಳು ಪಾಠವನ್ನು ಓದುವುದಲ್ಲ, ಕಣ್ಣಾರೆ ಕಾಣುತ್ತಾರೆ.

ನಮ್ಮ ಊರಿಗೆ ವಿಶೇಷವಾದ ಒಂದು ಕಷ್ಟವಿದೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಸಂಸಾರಗಳು ಬಾಗಿಲಿಗೆ ಬೀಗ ಹಾಕಿ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಗಾರೆಕೆಲಸಕ್ಕೆ ವಲಸೆ ಹೋಗುತ್ತವೆ. ಓಣಿಗಳಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ಬೀಗ ಬಿದ್ದ ಮನೆಯ ಮುಂದೆ ಕಸ ಬೇಗ ಸೇರುತ್ತದೆ. ಆ ಮನೆಗಳ ಅಂಗಳವನ್ನು ಉಳಿದವರು ನೋಡಿಕೊಳ್ಳುವುದು ನಮ್ಮ ಸ್ವಯಂಸೇವಕರ ಮೊದಲ ಕರ್ತವ್ಯವಾಗಲಿ. ತಿಂಗಳುಗಟ್ಟಲೆ ಪರಸ್ಥಳದಲ್ಲಿ ದುಡಿದು ದಣಿದು ಬಂದವನು ತನ್ನ ಮನೆಯ ಮುಂದೆ ತಿಪ್ಪೆಯನ್ನು ಕಾಣಬಾರದು. ಗುಡಿಸಿ ನೀರು ಚಿಮುಕಿಸಿದ ಅಂಗಳವನ್ನು ಕಾಣಬೇಕು. ಊರು ತನ್ನನ್ನು ಮರೆತಿಲ್ಲವೆಂದು ಅವನಿಗೆ ತಿಳಿಸಲು ಇದಕ್ಕಿಂತ ಬೇರೆ ಭಾಷೆ ಬೇಕಾಗಿಲ್ಲ.

ಭಾಷೆಯ ಮಾತು ಬಂದುದರಿಂದ ಒಂದನ್ನು ಹೇಳಿ ಮುಗಿಸುತ್ತೇವೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡಿಗರು ಶಾಲೆ, ಪುಸ್ತಕ, ಉಪಾಧ್ಯಾಯರು ಎಂದು ಕೇಳುತ್ತಲೇ ಬಂದಿದ್ದೇವೆ. ಇನ್ನು ಮುಂದೆಯೂ ಕೇಳಬೇಕು. ಆದರೆ ಕೇಳುವವರು ಕೊಡುವವರೂ ಆಗಬೇಡವೆ? ನಮ್ಮ ಓಣಿಯ ಮೋರಿ ಕನ್ನಡದ ಮನೆಯನ್ನೂ ತೆಲುಗಿನ ಮನೆಯನ್ನೂ ಉರ್ದುವಿನ ಮನೆಯನ್ನೂ ಮುಟ್ಟಿಕೊಂಡೇ ಹರಿಯುತ್ತದೆ. ಕನ್ನಡ ಸಂಘದವರು ಬೀದಿ ಗುಡಿಸಿದರೆ ಊರಿಗೆಲ್ಲ ಒಳಿತು, ಕನ್ನಡಕ್ಕೂ ಗೌರವ. ಆಂಧ್ರ ಸರ್ಕಾರ 2025ರ ಜನವರಿಯಿಂದ ತಿಂಗಳ ಮೂರನೆಯ ಶನಿವಾರವನ್ನು ಸ್ವಚ್ಛತೆಗೆಂದು ಗೊತ್ತುಮಾಡಿತು. ಅಂಥ ದಿನ ನಮ್ಮ ತರುಣರು ನೆರೆಹೊರೆಯ ತೆಲುಗು ತರುಣರ ಜೊತೆಗೂಡಲಿ. ‘ಇಲ್ಲಿ ಕಸ ಹಾಕಬೇಡಿ’ ಎಂಬ ಹಲಗೆಯನ್ನು ಎರಡು ಲಿಪಿಯಲ್ಲಿಯೂ ಬರೆಯಲಿ. ಮಂತ್ರಾಲಯಕ್ಕೂ ಉರುಕುಂದಿಗೂ ಹೋಗುವ ಯಾತ್ರಿಕರು ನಮ್ಮ ಸೀಮೆಯನ್ನು ಹಾದುಹೋಗುತ್ತಾರೆ. ಅವರು ಆ ಹಲಗೆಯನ್ನು ಓದಲಿ, ಅದರ ಕೆಳಗಿನ ಶುಚಿಯಾದ ನೆಲವನ್ನೂ ನೋಡಲಿ.

ದೊಡ್ಡ ಯೋಜನೆ ಬೇಡ. ವಾರಕ್ಕೆ ಒಂದು ಗಂಟೆ. ಒಂದೇ ಒಂದು ಮೂಲೆ. ಅದು ಪೂರ್ತಿ ಒಪ್ಪವಾಗಿ ಉಳಿಯುವವರೆಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುವುದು. ಎಸೆಯುವವರನ್ನು ಬೈಯದೆ ಅವರ ಕೈಗೂ ಒಂದು ಬುಟ್ಟಿ ಕೊಡುವುದು. ಅಂಗಡಿಯವರಿಗೆ ಬಾಗಿಲಲ್ಲಿ ಡಬ್ಬವಿಡಲು, ಸಂತೆಗೆ ಹೋಗುವ ತಾಯಂದಿರಿಗೆ ಬಟ್ಟೆಯ ಚೀಲ ಒಯ್ಯಲು ಪ್ರೀತಿಯಿಂದ ಹೇಳುವುದು. ಇಷ್ಟನ್ನು ಮುಂದಿನ ವಾರ್ಷಿಕೋತ್ಸವದವರೆಗೆ ತಪ್ಪದೆ ನಡೆಸಿದರೆ, ಆ ದಿನ ಈ ವಿಷಯವಾಗಿ ಭಾಷಣವೇ ಬೇಕಾಗುವುದಿಲ್ಲ. ಹಾಗಾಗಲೆಂದೇ ನಮ್ಮ ಹಾರೈಕೆ.

 ಸಭೆ ಮುಗಿದ ಮೇಲೆ ಚಹ ಕುಡಿದ ಲೋಟಗಳನ್ನು ಎಲ್ಲಿ ಇಡುತ್ತೇವೆಂಬಲ್ಲಿಂದಲೇ ಕೆಲಸ ಮೊದಲಾಗಲಿ.