ಫ್ಲಕ್ಸ್ ಕೋರ್ ವೆಲ್ಡಿಂಗ್ ಕಲಿಕೆಯಲ್ಲಿ ತಂತಿ ಚಲನೆಯ ದೋಷಗಳು: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ
(ಉಪನ್ಯಾಸದ ಪಠ್ಯ)



ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಮ್ಮಾರಸಾಲೆಯ ತಿದಿಯ ಪಕ್ಕದಲ್ಲಿ ವೆಲ್ಡಿಂಗ್ ಯಂತ್ರ ಬಂದು ನಿಂತು ಬಹಳ ಕಾಲವಾಯಿತು. ಕುಂಟೆ, ರಂಟೆ, ಕೂರಿಗೆಗಳ ದುರಸ್ತಿಯಿಂದ ಹಿಡಿದು ಟ್ರೇಲರಿನ ಮಗ್ಗುಲು, ಶಾಲೆಯ ಗೇಟು, ನೀರಿನ ಟ್ಯಾಂಕಿನ ಏಣಿಯವರೆಗೆ ಎಲ್ಲವೂ ಅದರಿಂದಲೇ ಆಗುತ್ತಿವೆ. ಇದುವರೆಗೆ ರೂಢಿಯಲ್ಲಿದ್ದುದು ರಾಡ್ ವೆಲ್ಡಿಂಗ್. ಈಚೆಗೆ ಯುವಕರು ಕೊಳ್ಳುತ್ತಿರುವ ಸಣ್ಣ ಇನ್ವರ್ಟರ್ ಯಂತ್ರಗಳಲ್ಲಿ ರಾಡಿನ ಬದಲು ಸುರುಳಿಯಿಂದ ತಾನೇ ಬಿಚ್ಚಿಕೊಂಡು ಬರುವ ತಂತಿಯಿದೆ. ಆ ತಂತಿಯೊಳಗೆ ಫ್ಲಕ್ಸ್ ಪುಡಿ ತುಂಬಿರುವುದರಿಂದ ಗ್ಯಾಸ್ ಸಿಲಿಂಡರ್ ಬೇಕಿಲ್ಲ. ಹೊಲದ ಗಾಳಿಯಲ್ಲೂ ಬೆಸುಗೆ ಹಾಕಬಹುದು. 1950ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ವಿಧಾನ ಹಳ್ಳಿಯ ಕೆಲಸಕ್ಕೆ ಒಗ್ಗುವುದು ಈ ಕಾರಣದಿಂದ.

ಆದರೆ ಕಲಿಯುವವನು ಮೊದಲು ಸೋಲುವುದು ಬೆಸುಗೆಯಲ್ಲಲ್ಲ, ತಂತಿಯಲ್ಲಿ. ಅದು ತಡೆದು ತಡೆದು ಬರುತ್ತದೆ, ಇಲ್ಲವೇ ಯಂತ್ರದ ಒಳಗೆ ಗುಬ್ಬಿಗೂಡಿನಂತೆ ಸಿಕ್ಕು ಬೀಳುತ್ತದೆ, ಇಲ್ಲವೇ ಗನ್ನಿನ ತುದಿಗೇ ಕರಗಿ ಅಂಟುತ್ತದೆ. ಸಾಲ ಮಾಡಿ ತಂದ ಯಂತ್ರ ಕೆಟ್ಟಿದೆಯೆಂದು ಮೂಲೆ ಸೇರುತ್ತದೆ. ಹುಡುಗನಿಗೆ ಕೈ ಕೂಡಲಿಲ್ಲವೆಂದು ಮನೆಯವರು ತೀರ್ಮಾನಿಸುತ್ತಾರೆ. ಬಹುಪಾಲು ಇವೆರಡೂ ತಪ್ಪು ತೀರ್ಮಾನಗಳು.

ದೋಷವನ್ನು ಊಹಿಸುವುದಕ್ಕಿಂತ ಒಂದೊಂದೇ ಭಾಗವನ್ನು ಬೇರ್ಪಡಿಸಿ ಹುಡುಕುವುದು ಲೇಸು. ಮೊದಲು ಟ್ರಿಗರ್ ಒತ್ತಿ ರೋಲರ್ ತಿರುಗುವುದೇ ಎಂದು ನೋಡತಕ್ಕದ್ದು. ತಿರುಗದಿದ್ದರೆ ದೋಷ ವಿದ್ಯುತ್ ಭಾಗದಲ್ಲಿದೆ, ಮೆಕ್ಯಾನಿಕ್ಕನಿಗೆ ಬಿಡಬೇಕು. ರೋಲರ್ ತಿರುಗಿಯೂ ತಂತಿ ಬಾರದಿದ್ದರೆ ಯಂತ್ರವನ್ನು ಆರಿಸಿ, ರೋಲರಿನ ಒತ್ತುಗೈಯನ್ನು ಎತ್ತಿ, ಗನ್ನಿನ ತುದಿಯಿಂದ ತಂತಿಯನ್ನು ಇಕ್ಕುಳದಲ್ಲಿ ಎಳೆಯಬೇಕು. ಸಲೀಸಾಗಿ ಬಂದರೆ ತೊಂದರೆ ರೋಲರಿನದೇ. ಬಿಗಿಯಾಗಿದ್ದರೆ ತುದಿಯ ತಾಮ್ರದ ಟಿಪ್ಪನ್ನು ಬಿಚ್ಚಿ ಮತ್ತೆ ಎಳೆಯಬೇಕು. ಈಗ ಹಗುರವಾದರೆ ಟಿಪ್ ಕಟ್ಟಿದೆ, ಬದಲಿಸಿದರೆ ಸಾಕು. ಆಗಲೂ ಬಿಗಿಯಿದ್ದರೆ ಗನ್ನಿನ ಕೇಬಲ್ಲನ್ನು ಸುರುಳಿ ಬಿಡಿಸಿ ನೇರ ಮಾಡಬೇಕು. ಅದಕ್ಕೂ ಬಗ್ಗದಿದ್ದರೆ ಸುರುಳಿ ಮತ್ತು ರೋಲರ್ ನಡುವಿನ ತಂತಿಯನ್ನು ಕೈಯಿಂದ ಎಳೆದು ನೋಡಬೇಕು. ಅಲ್ಲಿ ಬಿಗಿಯಾದರೆ ಸುರುಳಿಯ ಬ್ರೇಕ್ ಹೆಚ್ಚಾಗಿದೆ. ಅಲ್ಲಿ ಹಗುರವಾಗಿದ್ದರೆ ಉಳಿದದ್ದು ಕೇಬಲಿನೊಳಗಿನ ಲೈನರ್, ಅದರಲ್ಲಿ ಧೂಳು ತುಂಬಿದೆ ಅಥವಾ ಮಡಿಕೆ ಬಿದ್ದಿದೆ. ಈ ಇಡೀ ತಪಾಸಣೆಗೆ ಹತ್ತು ನಿಮಿಷ ಸಾಕು, ಕಾಸು ಬೇಕಿಲ್ಲ.

ರೋಲರ್ ಬಗ್ಗೆ ತುಸು ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕಲಿಯುವವರು ಹೆಚ್ಚು ಕೆಡಿಸುವುದು ಅದನ್ನೇ. ತಂತಿ ಜಾರಿತೆಂದು ಕಂಡೊಡನೆ ಒತ್ತಡದ ತಿರುಪನ್ನು ಬಿಗಿಯುವುದು ಸಹಜ ಬುದ್ಧಿ. ಗಟ್ಟಿ ತಂತಿಯಾದರೆ ಅದನ್ನು ಸ್ವಲ್ಪಮಟ್ಟಿಗೆ ತಾಳುತ್ತದೆ. ಫ್ಲಕ್ಸ್ ಕೋರ್ ತಂತಿಯಾದರೋ ಪುಡಿ ತುಂಬಿದ ತೆಳು ಕೊಳವೆ. ಒತ್ತಿದರೆ ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ಟಿಪ್ಪಿನ ದುಂಡು ರಂಧ್ರದಲ್ಲಿ ತೂರುವುದಿಲ್ಲ, ಹಿಂದಿನಿಂದ ರೋಲರ್ ತಳ್ಳುತ್ತಲೇ ಇರುವುದರಿಂದ ನಡುವೆ ಸಿಕ್ಕಾಗುತ್ತದೆ. ಹೀಗೆ ಮದ್ದೇ ರೋಗವಾಗುತ್ತದೆ. ಈ ತಂತಿಗೆ ಸಣ್ಣ ಹಲ್ಲುಗೆರೆಗಳಿರುವ ರೋಲರ್ ಹಾಕತಕ್ಕದ್ದು. ಅದು ಕಡಿಮೆ ಒತ್ತಡದಲ್ಲೇ ಹಿಡಿಯುತ್ತದೆ. ತಂತಿ 0.8 ಮಿ.ಮೀ. ಆದರೆ ರೋಲರಿನ ಗಾಡಿಯೂ ಅದೇ ಅಳತೆಯದಾಗಿರಬೇಕು. ಅನೇಕ ರೋಲರುಗಳಿಗೆ ಎರಡು ಗಾಡಿಗಳಿದ್ದು ತಿರುಗಿಸಿ ಹಾಕುವಂತಿರುತ್ತವೆ. ತಪ್ಪು ಮಗ್ಗುಲು ಹಾಕಿ ವಾರಗಟ್ಟಲೆ ಪರದಾಡಿದರೂ ಕಾರಣ ಹೊಳೆಯದೆ ಹೋಗಬಹುದು.

ಒತ್ತಡ ಎಷ್ಟಿರಬೇಕೆಂಬುದಕ್ಕೆ ಸರಳ ಪರೀಕ್ಷೆಯಿದೆ. ಅರ್ತ್ ಕ್ಲಾಂಪನ್ನು ದೂರವಿಟ್ಟು, ಕೈಗವಸು ತೊಟ್ಟು, ಹೊರಬರುವ ತಂತಿಯನ್ನು ಒಣ ಮರದ ಹಲಗೆಗೆ ಎದುರಾಗಿ ಹಿಡಿಯುವುದು. ತಂತಿ ಬಾಗಿ ಸುತ್ತಿಕೊಳ್ಳುತ್ತ ಮುಂದುವರಿದರೆ ಒತ್ತಡ ಸಾಕು. ತಂತಿ ನಿಂತು ರೋಲರ್ ಜಾರಿದರೆ ಕಾಲು ಸುತ್ತು ಮಾತ್ರ ಬಿಗಿಯಬೇಕು. ಟ್ರಿಗರ್ ಒತ್ತಿದಾಗ ತಂತಿಯಲ್ಲಿ ವಿದ್ಯುತ್ ಇರುತ್ತದೆಂಬುದನ್ನು ಮರೆಯಬಾರದು. ಸುರುಳಿಯ ಬ್ರೇಕ್ ಸಹ ಹೀಗೆಯೇ: ಟ್ರಿಗರ್ ಬಿಟ್ಟೊಡನೆ ಸುರುಳಿ ನಿಲ್ಲಬೇಕು, ತಾನಾಗಿ ಬಿಚ್ಚಿಕೊಳ್ಳಬಾರದು. ಅದಕ್ಕಿಂತ ಹೆಚ್ಚಿನ ಬಿಗಿ ಬೇಡ.

ತಂತಿ ಟಿಪ್ಪಿಗೆ ಕರಗಿ ಅಂಟುವುದು ಬೇರೆ ಕಾರಣಕ್ಕೆ. ತಂತಿಯ ವೇಗ ಕಡಿಮೆಯಾದರೆ ಅಥವಾ ಗನ್ನನ್ನು ಕಬ್ಬಿಣಕ್ಕೆ ತೀರ ಸಮೀಪ ಹಿಡಿದರೆ ಉರಿ ಹಿಂದಕ್ಕೆ ಸಾಗುತ್ತದೆ. ಟಿಪ್ಪಿನಿಂದ ಮುಂದೆ ಸುಮಾರು 12ರಿಂದ 20 ಮಿ.ಮೀ. ತಂತಿ ಇರಬೇಕು. ವೇಗ ಹೆಚ್ಚಾದರೆ ತಂತಿ ಕಬ್ಬಿಣಕ್ಕೆ ಗುದ್ದಿ ಗನ್ನನ್ನು ಹಿಂದಕ್ಕೆ ತಳ್ಳುತ್ತದೆ; ಆ ನೂಕು ಕೈಗೆ ಗೊತ್ತಾಗುತ್ತದೆ. ಬಣ್ಣದ ಮೇಲೆ ಅಥವಾ ತುಕ್ಕಿನ ಮೇಲೆ ಅರ್ತ್ ಕ್ಲಾಂಪ್ ಕಚ್ಚಿಸಿದರೂ, ಉದ್ದನೆಯ ತೆಳು ವೈರಿನಿಂದ ಕರೆಂಟು ಎಳೆದುತಂದರೂ, ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಇಳಿದರೂ ಇದೇ ತಡವರಿಕೆ ಕಾಣುತ್ತದೆ. ಆಗ ತಂತಿಯನ್ನು ದೂರುವುದು ವ್ಯರ್ಥ. ಇನ್ನೊಂದು ಮಾತು: ಗ್ಯಾಸ್ ಇಲ್ಲದೆ ಉರಿಯುವ ಈ ಸಣ್ಣ ತಂತಿಗಳಿಗೆ ಸಾಮಾನ್ಯವಾಗಿ ಗನ್ ಋಣಕ್ಕೂ ಕ್ಲಾಂಪ್ ಧನಕ್ಕೂ ಸೇರಬೇಕು. ಹಲವು ಯಂತ್ರಗಳು ಗ್ಯಾಸಿನ ಕೆಲಸಕ್ಕೆ ಹೊಂದಿಸಿ ಬಂದಿರುತ್ತವೆ. ಅದಲುಬದಲು ಮಾಡದಿದ್ದರೆ ಕಿಡಿ ಸಿಡಿದು ಬೆಸುಗೆಯಲ್ಲಿ ತೂತು ಬೀಳುತ್ತದೆ.

ಇವೆಲ್ಲ ಕಾರ್ಯಾಗಾರದ ಮಾತಾದರೆ ಸದಸ್ಯರಿಗೇಕೆ ಎಂಬ ಪ್ರಶ್ನೆ ಏಳಬಹುದು. ತಂತಿ ತಡೆದು ಬಂದ ಜಾಗದಲ್ಲಿ ಬೆಸುಗೆ ಮೇಲೆ ಮೆತ್ತಿಕೊಂಡಿರುತ್ತದೆ, ಒಳಗೆ ಬೆರೆತಿರುವುದಿಲ್ಲ. ಅಂಥ ಬೆಸುಗೆಯ ಮೇಲೆ ನಿಂತ ಶಾಲೆಯ ಗೇಟಿಗೆ ಮಕ್ಕಳು ಜೋತುಬೀಳುತ್ತಾರೆ. ಟ್ಯಾಂಕಿನ ಏಣಿಯನ್ನು ನೀರುಗಂಟಿ ದಿನವೂ ಹತ್ತುತ್ತಾನೆ. ಬಣ್ಣ ಬಳಿದ ಮೇಲೆ ಒಳ್ಳೆಯ ಬೆಸುಗೆಗೂ ಕೆಟ್ಟದ್ದಕ್ಕೂ ವ್ಯತ್ಯಾಸ ಕಾಣದು. ಆದ್ದರಿಂದ ಪಂಚಾಯತಿ ಕಾಮಗಾರಿಯಲ್ಲಿ ಪ್ರೈಮರ್ ಹಚ್ಚುವ ಮುನ್ನವೇ, ಕಿಟ್ಟ ಕುಟ್ಟಿ ತೆಗೆಸಿ, ಸದಸ್ಯರು ಇಂಜಿನಿಯರರೊಡನೆ ಬೆಸುಗೆಯನ್ನು ನೋಡುವುದು ಸೂಕ್ತ. ಅದೇ ದಪ್ಪದ ತುಂಡು ಕಬ್ಬಿಣದ ಮೇಲೆ ಒಂದು ಬೆಸುಗೆ ಹಾಕಿಸಿ, ಸುತ್ತಿಗೆಯಿಂದ ಬಗ್ಗಿಸಿ ಮುರಿಯಿಸಿದರೆ ಉಳಿದದ್ದು ತಾನೇ ತಿಳಿಯುತ್ತದೆ. ಭಾರ ಹೊರುವ ಕೆಲಸವನ್ನು ಇನ್ನೂ ಕಲಿಯುತ್ತಿರುವವರಿಗೆ ಒಪ್ಪಿಸುವುದು ಅವರಿಗೂ ನ್ಯಾಯವಲ್ಲ. ಅಂಥದ್ದಕ್ಕೆ ಪಳಗಿದ ಕೈಯ ರಾಡ್ ವೆಲ್ಡಿಂಗ್ ಇಂದಿಗೂ ಸಾಕು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿಯ ದಿನಗಳಿಗೆ ರೂ. 500 ಭತ್ಯೆ, ಉಪಕರಣಗಳಿಗೆ ರೂ. 15,000ದವರೆಗೆ ನೆರವು, ಮೊದಲ ಕಂತಿನಲ್ಲಿ ರೂ. 1 ಲಕ್ಷದವರೆಗೆ ಶೇ. 5ರ ಬಡ್ಡಿಯ ಸಾಲ ಅದರಲ್ಲಿವೆ. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯದೇ. ಆ ಹೊತ್ತಿನಲ್ಲಿ ಅರ್ಜಿದಾರನೊಡನೆ ಎರಡು ಮಾತಾಡಿ, ಯಂತ್ರದ ಬೆಲೆಯ ಜೊತೆಗೆ ಹೆಚ್ಚುವರಿ ಟಿಪ್ಪುಗಳು, ಒಂದು ಲೈನರ್, ಸರಿಯಾದ ರೋಲರ್, ಮುಖಕವಚ ಇವುಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವಂತೆ ಹೇಳಿದರೆ ಎಷ್ಟೋ ಯಂತ್ರಗಳು ಮೂಲೆ ಸೇರುವುದು ತಪ್ಪುತ್ತದೆ.

ಈ ತಂತಿಯ ಹೊಗೆ ರಾಡಿನ ಹೊಗೆಗೇನೂ ಕಡಿಮೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಕಲಿಸಕೂಡದು. ಸತುವಿನ ಲೇಪವಿರುವ ಜಿ.ಐ. ಪೈಪಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಬೆಸೆಯುವ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆಯಬೇಕು. ಮಳೆಗಾಲದಲ್ಲಿ ಉಳಿದ ಸುರುಳಿಯನ್ನು ಯಂತ್ರದಲ್ಲೇ ಬಿಡದೆ ಬಿಚ್ಚಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡತಕ್ಕದ್ದು. ತೇವ ಹೀರಿ ತುಕ್ಕು ಹಿಡಿದ ತಂತಿಯನ್ನು ಲೈನರಿನೊಳಗೆ ಬಿಡದೆ ಗುಜರಿಗೆ ಹಾಕುವುದೇ ಸರಿ.