ಕೊಬ್ಬು, ಕರುಳು ಮತ್ತು ನಮ್ಮ ಮೌನ

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಉಪನ್ಯಾಸ)



ಸ್ತನದ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಈಗ ನಮ್ಮ ಸಂಘಗಳಲ್ಲಿ ಮಾತಾಡ್ತೇವೆ. ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಮಾತ್ರ ಬಾಯಿ ಬಿಡೋದಿಲ್ಲ. ಮಲದ ವಿಷಯ ಅಂತ ನಾಚಿಕೆ. ಇವತ್ತು ಆ ನಾಚಿಕೆಯನ್ನು ಪಕ್ಕಕ್ಕಿಟ್ಟು, ಈ ರೋಗಕ್ಕೂ ಕೊಬ್ಬಿಗೂ ಇರುವ ನಂಟನ್ನು ತಿಳಿಯೋಣ.

ನಾವು ತಿಂದ ಎಣ್ಣೆ, ತುಪ್ಪ, ಮಾಂಸದ ಜಿಡ್ಡನ್ನು ಅರಗಿಸಲು ಪಿತ್ತರಸ ಕರುಳಿಗೆ ಇಳಿಯುತ್ತದೆ. ಜಿಡ್ಡು ಹೆಚ್ಚಾದರೆ ಪಿತ್ತರಸವೂ ಹೆಚ್ಚು. ಅದರಲ್ಲಿ ಸ್ವಲ್ಪ ಭಾಗ ದೊಡ್ಡ ಕರುಳು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಬದಲಾಯಿಸಿದ ಪಿತ್ತಾಮ್ಲ ವರ್ಷಗಟ್ಟಲೆ ಕರುಳಿನ ಒಳಪದರವನ್ನು ಕೆಣಕುತ್ತದೆ. ಹೊಟ್ಟೆಯ ಬೊಜ್ಜು ರಕ್ತದಲ್ಲಿ ಇನ್ಸುಲಿನ್ ಏರಿಸಿ, ಕೆಟ್ಟ ಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ. 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಿಗೆ ಅತಿ ಕೊಬ್ಬಿನ ಆಹಾರ ಕೊಟ್ಟು ನೋಡಿದಾಗ, ಕರುಳಿನ ಕೋಶಗಳು ಗೆಡ್ಡೆಯಾಗುವ ಗುಣ ಹೆಚ್ಚಾಗಿದ್ದು ಕಂಡುಬಂತು.

ಹಾಗಂತ ಮದ್ದೂರು ವಡೆ ಬಿಡಿ, ಬಂಡೂರು ಕುರಿಯ ಬಾಡೂಟ ಬಿಡಿ ಅಂತ ಹೇಳೋಕೆ ನಾವು ಬಂದಿಲ್ಲ. ಹಬ್ಬಕ್ಕೆ ತಿನ್ನಿ, ದಿನಾ ಬೇಡ. ಅಡುಗೆಗೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಸಾಮಾನ್ಯವಾಗಿ ಸಾಕು. ನಮ್ಮ ರಾಗಿಮುದ್ದೆ, ಸೊಪ್ಪಿನ ಸಾರು, ಅವರೆಕಾಳು, ಹುರುಳಿಕಾಳಿನ ನಾರಿನಿಂದ ಕರುಳಿನ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲ ತಯಾರಿಸುತ್ತವೆ. ಇದು ಒಳ್ಳೆಯ ಕೊಬ್ಬು. ದೊಡ್ಡ ಕರುಳಿನ ಆರೋಗ್ಯವಂತ ಕೋಶಗಳಿಗೆ ಇದೇ ಮುಖ್ಯ ಊಟ.

ಇನ್ನೊಂದು ಮಾತು. ಕೊಬ್ಬು ಕ್ಯಾನ್ಸರಿಗೆ ಆಹಾರ ಅಂದ್ಮೇಲೆ ರೋಗಿಗೆ ಜಿಡ್ಡೇ ಕೊಡಬಾರದು ಅಂತ ಬರೀ ಗಂಜಿಯಲ್ಲೇ ಇಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಕ್ಯಾನ್ಸರ್ ಕೋಶಕ್ಕೆ ಬೆಳೆಯಲು ಕೊಬ್ಬು ಬೇಕು, ನಿಜ. ತನ್ನ ಹೊರಪೊರೆ ಕಟ್ಟಲು ಅದನ್ನು ಬಳಸುತ್ತದೆ. ಆದರೆ ಆ ಕೊಬ್ಬನ್ನು ರಕ್ತದ ಸಕ್ಕರೆಯಿಂದ ತಾನೇ ತಯಾರಿಸಿಕೊಳ್ಳಬಲ್ಲದು. ಪಥ್ಯ ಮಾಡಿಸಿದರೆ ಸೊರಗೋದು ರೋಗಿ, ಗೆಡ್ಡೆಯಲ್ಲ. ಆಪರೇಷನ್, ಕಿಮೋ ತಡೆದುಕೊಳ್ಳಲು ಶಕ್ತಿ ಬೇಕು. ಮೊಟ್ಟೆ, ಬೇಳೆ, ಹಾಲು, ಮೀನು ಇವುಗಳಲ್ಲಿ ಏನು, ಎಷ್ಟು ಕೊಡಬೇಕೆಂದು ವೈದ್ಯರನ್ನೇ ಕೇಳಿ.

ಕೊನೆಯದಾಗಿ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನಿಸಿ ನಾಟಿ ಔಷಧಿ ಹಿಡಿಯಬೇಡಿ. ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಂಡರೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಹಿರಿಯರಿಗೆ ಈ ರೋಗ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಈ ಕ್ಯಾನ್ಸರ್ ಹೆಚ್ಚಾಗಿ ಸಣ್ಣ ಗಂಟಾಗಿ ಶುರುವಾಗಿ ಹಲವು ವರ್ಷ ತೆಗೆದುಕೊಳ್ಳುತ್ತದೆ. ಗಂಟು ಇದ್ದಾಗಲೇ ಕೊಳವೆ ಪರೀಕ್ಷೆಯಲ್ಲಿ ತೆಗೆದುಬಿಡಬಹುದು.

ಮೊದಲು ತಾಲ್ಲೂಕು ಆಸ್ಪತ್ರೆಗೆ ಅಥವಾ ಮಂಡ್ಯದ ಮಿಮ್ಸ್‌ಗೆ ಹೋಗಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕಾರ್ಡು ಸಿದ್ಧವಾಗಿಟ್ಟುಕೊಳ್ಳಿ.

ದೇವರು ಕೊಟ್ಟ ದೇಹದಲ್ಲಿ ನಾಚಿಕೆಪಡುವ ಅಂಗ ಯಾವುದೂ ಇಲ್ಲ. ಮುಂದಿನ ಸಂಘದ ಸಭೆಯಲ್ಲಿ ಪಕ್ಕದವರನ್ನೂ ಒಂದು ಮಾತು ಕೇಳೋಣ.